0.07 ಬಂದರೆ ಅಳಬೇಡಿ

ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂತೆಂದರೆ ರಾಯಚೂರಿನ ನಮ್ಮ ಮನೆಗೆ ಸೈಕಾಲಜಿ ಎಂ.ಎ. ಮಕ್ಕಳು ಪೆನ್‌ಡ್ರೈವ್ ಹಿಡಿದು ಡೇಟಾ ಲೆಕ್ಕ ಮಾಡಿಸೋಕೆ ಬರುತ್ತಾರೆ. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತೇನೆ. ಲೋಟ ಕೆಳಗಿಡುವ ಮೊದಲೇ ಎಲ್ಲರದ್ದೂ ಒಂದೇ ಮಾತು: "ಸರ್, ಸಿಗ್ನಿಫಿಕೆಂಟ್ ಬರೋ ಹಂಗ ಮಾಡಿ ಕೊಡ್ರಿ."

ಮಾಡಿ ಕೊಡೋಕೆ ಇದೇನು ಪ್ಯಾಂಟಿನ ಆಲ್ಟರೇಷನ್ನಾ? ಲೆಕ್ಕದಲ್ಲಿ ಪಿ ವ್ಯಾಲ್ಯೂ ಎಂಬ ಸಂಖ್ಯೆ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶಕ್ಕೆ "ಸಿಗ್ನಿಫಿಕೆಂಟ್" ಅನ್ನುವುದು ರೂಢಿ, ಅಷ್ಟೆ.

ಈ ಸಲ ಸಿಂಧನೂರು ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಹಾಸ್ಟೆಲ್ ಮಕ್ಕಳು 30, ಮನೆಯಿಂದ ಬರುವವರು 30. ಯಾರಿಗೆ ಪರೀಕ್ಷೆ ಭಯ ಜಾಸ್ತಿ ಅಂತ ನೋಡಿದ್ದಾಳೆ. ಪಿ ವ್ಯಾಲ್ಯೂ 0.07. ಕಣ್ಣಲ್ಲಿ ನೀರು. "0.05 ಒಳಗ ಇದ್ದಿದ್ರ 95 ಪರ್ಸೆಂಟ್ ನನ್ನ ಮಾತು ಖರೇ ಅಂತ ಆಗ್ತಿತ್ತಲ್ರಿ ಸರ್?"

ಇಲ್ಲಮ್ಮ, ಆಗ್ತಿರಲಿಲ್ಲ. ಇದನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಒಬ್ಬ ಹೆಂಗಸು, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಕುಡಿದು ಹೇಳಬಲ್ಲೆ ಅಂದಳಂತೆ. ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರ ತಮ್ಮ ಪುಸ್ತಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಎಂಟು ಕಪ್ಪು. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಹಾಲು ಮೊದಲು ಹಾಕಿದ ನಾಲ್ಕನ್ನು ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿ ಇವೆ. ಸರಿ ಇರುವುದು ಒಂದೇ. ಸುಮ್ನೆ ಕಣ್ಣು ಮುಚ್ಚಿ ಆರಿಸಿದರೂ ಎಲ್ಲ ಸರಿ ಬರುವ ಸಾಧ್ಯತೆ 70ರಲ್ಲಿ ಒಂದು, ಅಂದರೆ ಸುಮಾರು 0.014. ಅದೇ ಪಿ. ಒಂದು ಕಪ್ಪು ಆಚೀಚೆ ಆಗಿ ಮೂರು ಸರಿ ಬಂದರೆ, ಮೂರು ಸರಿ ಬರುವ 16 ದಾರಿಗೆ ನಾಲ್ಕೂ ಸರಿ ಬರುವ ಒಂದನ್ನು ಸೇರಿಸಿ, ಅದು 70ರಲ್ಲಿ 17ಕ್ಕೆ ಏರುತ್ತದೆ.

ಈಗ ಬಸ್ ಸ್ಟ್ಯಾಂಡ್ ಹತ್ತಿರ ಕೂಡುವ ಗಿಣಿಶಾಸ್ತ್ರದವನ ಗಿಣಿಯನ್ನು ತಂದು ಆ ಎಂಟು ಕಪ್ಪಿನ ಮುಂದೆ ಬಿಡಿ. ಅದು ಕೊಕ್ಕಿನಿಂದ ತಟ್ಟಿದ ನಾಲ್ಕೂ ಸರಿ ಬಂದವು ಅಂದುಕೊಳ್ಳಿ. ಆಗಲೂ ಪಿ 0.014 ತಾನೆ? ಹಾಗಂತ ಗಿಣಿಗೆ ಚಹಾದ ರುಚಿ ಗೊತ್ತು ಅಂತ 98.6 ಪರ್ಸೆಂಟ್ ನಂಬುತ್ತೀರಾ? ಕಾಕತಾಳೀಯ ಅಂತೀರಿ, ಇಲ್ಲವೇ ಅವನೇ ಏನೋ ಸನ್ನೆ ಮಾಡಿದ ಅಂತೀರಿ. ಸಂಖ್ಯೆ ಅದೇ, ನಂಬಿಕೆ ಬೇರೆ. ಯಾಕೆಂದರೆ ಪಿ ಲೆಕ್ಕ ಶುರುವಾಗುವುದೇ "ಇಲ್ಲಿ ಏನೂ ಇಲ್ಲ" ಅಂದುಕೊಂಡು. ಏನೂ ಇಲ್ಲದಿದ್ದರೂ ಇಂಥ ಫಲಿತಾಂಶ, ಅಥವಾ ಇದಕ್ಕಿಂತ ದೊಡ್ಡದು, ಎಷ್ಟು ಸಲ ಬಂದೀತು ಅಂತ ಮಾತ್ರ ಅದು ಹೇಳುತ್ತದೆ. ನಿಮ್ಮ ಊಹೆ ಖರೇನೋ ಸುಳ್ಳೋ ಎಂಬುದು ಅದರ ಬಾಯಲ್ಲಿ ಬರುವ ಮಾತೇ ಅಲ್ಲ.

0.05 ಕೂಡ ಶಾಸನವಲ್ಲ. 1925ರಲ್ಲಿ ಫಿಷರೇ ಅದನ್ನು ಅನುಕೂಲಕ್ಕೆ ಇಟ್ಟುಕೊಂಡ ಗಡಿ ಅಂತ ಬರೆದಿದ್ದರು.

ಹುಡುಗಿ ತಲೆ ಆಡಿಸಿದಳು. ಆಮೇಲೆ ಮೆಲ್ಲಗೆ, "ಇವೆರಡು ಶೀಟ್ ತೆಗೆದ್ರ 0.04 ಬರ್ತೈತ್ರಿ ಸರ್" ಅಂದಳು. ನೋಡಿದೆ. ಒಂದರಲ್ಲಿ ಹುಡುಗ 25 ಪ್ರಶ್ನೆಗೂ ಮೂರನೇ ಮನೆಗೇ ಟಿಕ್ ಹಾಕಿದ್ದಾನೆ, ಸ್ಕೇಲ್ ಇಟ್ಟು ಗೆರೆ ಎಳೆದಂತೆ. ಓದಿಲ್ಲ ಅನ್ನೋದು ಗೊತ್ತಾಗುತ್ತದೆ. ಇಂಥ ಶೀಟ್ ತೆಗೆಯಬಹುದು, ಆದರೆ ತೆಗೆಯುವ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಬರೆದಿಟ್ಟಿರಬೇಕು. ಇನ್ನೊಂದು ಶೀಟಿನ ತಪ್ಪು ಏನು ಗೊತ್ತಾ? ಆ ಹಾಸ್ಟೆಲ್ ಹುಡುಗಿಗೆ ಭಯವೇ ಇಲ್ಲ, ಅಷ್ಟೆ.

ಇನ್ನು ಕೆಲವರು ಗಂಡು-ಹೆಣ್ಣು, ಹಳ್ಳಿ-ಪಟ್ಟಣ, ಅಪ್ಪನ ಉದ್ಯೋಗ ಅಂತ ಸಿಕ್ಕಿದ್ದನ್ನೆಲ್ಲ ಹೋಲಿಸುತ್ತಾ ಹೋಗುತ್ತಾರೆ. ಏನೂ ಇಲ್ಲದ ಕಡೆ 20 ಬೇರೆ ಬೇರೆ ಟೆಸ್ಟ್ ಮಾಡಿದರೂ ಒಂದಾದರೂ 0.05ರ ಒಳಗೆ ಬೀಳುವ ಸಾಧ್ಯತೆ 64 ಪರ್ಸೆಂಟ್. ದೊಡ್ಡವರೂ ಇದಕ್ಕೆ ಹೊರತಲ್ಲ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸಿಗ್ನಿಫಿಕೆಂಟ್ ಬಂದದ್ದು 36 ಪರ್ಸೆಂಟ್ ಮಾತ್ರ. ಮೊದಲ ಸಲ 97 ಪರ್ಸೆಂಟ್ ಬಂದಿತ್ತು.

ಹಾಗಂತ 0.07 ಅಂದರೆ ವ್ಯತ್ಯಾಸವೇ ಇಲ್ಲ ಅಂತಲೂ ಅಲ್ಲ. 30-30 ಮಕ್ಕಳು ಕಡಿಮೆಯೇ ಆಯಿತು. ಸರಾಸರಿಯಲ್ಲಿ ಎಷ್ಟು ಅಂಕದ ಅಂತರ, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಬರೆ, 0.07 ಅನ್ನೂ ಹಾಗೇ ಬರೆ ಅಂದೆ. ಎಲ್ಲರ ಪ್ರಾಜೆಕ್ಟಿಗೂ ಇಷ್ಟೇ ಸಾಕು ಅಂತ ನಾನು ಹೇಳಲಾರೆ, ಡೇಟಾ ನೋಡಬೇಕು.

ವಾರ ಬಿಟ್ಟು ಫೋನ್ ಬಂತು. "ಸರ್, ಗೈಡ್ ಸರ್ ಇದು ನಡೆಯಂಗಿಲ್ಲ ಅಂತಾರ್ರಿ. ನೀವs ಒಂದ್ ಮಾತು ಹೇಳ್ರಿ."

ಫೋನ್ ಅವರ ಕೈಗೆ ಕೊಡಮ್ಮ ಅಂದೆ. ಗಿಣಿಯಿಂದಲೇ ಶುರು ಮಾಡಿದೆ.