ಕೀಟನಾಶಕದ ಡಬ್ಬಿಯ ಮೇಲೆ ನೀಲಿ ತ್ರಿಕೋನವಿದ್ದರೆ ಕೆರೆಯ ಮೀನಿಗೆ ಅಪಾಯವಿಲ್ಲವೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ, ಮೆಣಸಿನ ತೋಟ. ತಗ್ಗಿನಲ್ಲಿರುವ ಸಣ್ಣ ಕೆರೆಗೆ ಕಾಟ್ಲಾ, ಗೆಂಡೆ ಮರಿ ಬಿಟ್ಟಿದ್ದೇವೆ. ಔಷಧಿ ಅಂಗಡಿಯವರು "ನೀಲಿ ತ್ರಿಕೋನ ಸಾರ್, ಅಷ್ಟೇನೂ ವಿಷ ಇಲ್ಲ" ಅಂದರು. ಹಾಗಾದರೆ ಮೀನಿಗೂ ತೊಂದರೆ ಇಲ್ಲ ತಾನೆ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಆ ತ್ರಿಕೋನ ಹುಟ್ಟಿದ್ದು ಇಲಿಯ ಲೆಕ್ಕದಲ್ಲಿ. ಪ್ರಯೋಗಕ್ಕಿಟ್ಟ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಎಷ್ಟು ಔಷಧಿ ಬೇಕು ಎಂದು ನೋಡುತ್ತಾರೆ. ಬಾಯಿಯ ಮೂಲಕ ಕೊಟ್ಟಾಗ ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಸಾಕಾದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮಕ್ಕೆ ತಾಗಿದರೆ ಏನಾಗುತ್ತದೆ ಎಂಬುದಕ್ಕೂ ಇಂಥದ್ದೇ ಲೆಕ್ಕವಿದೆ. ಅಂದರೆ ಅದು ಬೆನ್ನಿಗೆ ಸ್ಪ್ರೇಯರ್ ಹಾಕಿಕೊಂಡವರಿಗಾಗಿ ಇರುವ ಗುರುತು. ಅದರಲ್ಲಿ ಮೀನಿನ ಸುದ್ದಿಯೇ ಇಲ್ಲ.

ಮೀನಿನ ಪರೀಕ್ಷೆ ಬೇರೆ. ಹೆಚ್ಚು ಬಳಕೆಯಲ್ಲಿರುವುದು ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 203ನೇ ಮಾರ್ಗಸೂಚಿ. ಸಾಲಾಗಿ ತೊಟ್ಟಿಗಳನ್ನಿಟ್ಟು, ಒಂದೊಂದರಲ್ಲೂ ಕನಿಷ್ಠ ಏಳು ಮೀನು ಬಿಡುತ್ತಾರೆ. ಜೀಬ್ರಾ ಮೀನು, ಗಪ್ಪಿ ಅಥವಾ ನಿಮ್ಮ ಕೆರೆಯ ಸಾಮಾನ್ಯ ಗೆಂಡೆಯೂ ಆದೀತು. ಲೀಟರಿಗೆ 1, 2, 4, 8, 16 ಮಿಲಿಗ್ರಾಂ ಎನ್ನುವ ಹಾಗೆ ಐದು ತೊಟ್ಟಿಗಳಿಗೆ ರಾಸಾಯನಿಕ ಬೆರೆಸಿ, ಒಂದು ತೊಟ್ಟಿಯನ್ನು ಬರೀ ನೀರಿನಲ್ಲೇ ಬಿಡುತ್ತಾರೆ. ಹಿಂದಿನ ದಿನದಿಂದಲೇ ಮೇವು ಬಂದ್. ಆಮೇಲೆ 96 ಗಂಟೆ ಕಾಯುವುದು.

24, 48, 72, 96ನೇ ಗಂಟೆಗಳಲ್ಲಿ ಸತ್ತವನ್ನು ಎಣಿಸುತ್ತಾರೆ. ಹೊಟ್ಟೆ ಮೇಲಾಗಿ ತೇಲಿದ ಮಾತ್ರಕ್ಕೆ ಸತ್ತಿತು ಅಂತ ಬರೆಯುವಂತಿಲ್ಲ. ಬಾಲದ ಬುಡವನ್ನು ಮೆಲ್ಲಗೆ ಮುಟ್ಟಿ ನೋಡಬೇಕು. ಮೀನು ಮಿಸುಕದೆ, ಕಿವಿರೂ ಆಡದಿದ್ದರೆ ಮಾತ್ರ ಸಾವು. ಬದುಕಿದ್ದೂ ಅಡ್ಡಾದಿಡ್ಡಿ ಈಜುವವು, ಮೈ ಕಪ್ಪಾದವು, ಮೇಲೆ ಬಂದು ಬಾಯಿ ತೆರೆಯುವವು, ಇವನ್ನೂ ಬರೆದಿಡುತ್ತಾರೆ. ಕೊನೆಗೆ ಅರ್ಧದಷ್ಟು ಮೀನುಗಳು ಸಾಯುವ ಪ್ರಮಾಣವನ್ನು ಲೆಕ್ಕ ಹಾಕಿ ತೆಗೆಯುತ್ತಾರೆ. ಅದೇ ಎಲ್‌ಸಿ50. ಇದು ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ನೀರಿನ ಜೀವಿಗಳಿಗೆ ಅತಿ ವಿಷಕಾರಿ ಎಂಬ ಮೊದಲ ದರ್ಜೆ. ಇದನ್ನು "ಇಷ್ಟರವರೆಗೆ ಪರವಾಗಿಲ್ಲ" ಎಂದು ಓದುವವರಿದ್ದಾರೆ. ಅರ್ಧ ಮಂದೆ ಸತ್ತ ಲೆಕ್ಕ ಪರವಾಗಿಲ್ಲ ಹೇಗಾದೀತು?

ಈಗ ನಿಮ್ಮ ಕೆರೆಗೆ ಬರೋಣ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ನಮ್ಮ ದೇಹ ಬೇಗ ಒಡೆದುಹಾಕುತ್ತದೆ, ಮೀನಿಗೆ ಆ ಶಕ್ತಿ ಕಡಿಮೆ. ಸಾಲದ್ದಕ್ಕೆ ಕಿವಿರಿನಿಂದ ಅದು ನೇರ ಮೈಗಿಳಿಯುತ್ತದೆ. ಹಾಗಾಗಿ ಎಷ್ಟೋ ಜಾತಿಯ ಮೀನುಗಳಿಗೆ ಇದರ ಎಲ್‌ಸಿ50 ಲೀಟರಿಗೆ ಕೆಲವೇ ಮೈಕ್ರೋಗ್ರಾಂ (ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು). 2 ಮೈಕ್ರೋಗ್ರಾಂ ಅಂದುಕೊಳ್ಳಿ. 20 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೆರೆಯಲ್ಲಿ 3 ಲಕ್ಷ ಲೀಟರ್ ನೀರು. ಅಷ್ಟಕ್ಕೆ ಬೇಕಾದ ವಿಷ 0.6 ಗ್ರಾಂ. ಶೇ. 10ರ ಸೈಪರ್‌ಮೆಥ್ರಿನ್‌ನಲ್ಲಿ ಅದು ಸುಮಾರು 6 ಮಿಲಿಲೀಟರ್. ಡಬ್ಬಿಯ ಮುಚ್ಚಳದಲ್ಲಿ ಹಿಡಿಯುವಷ್ಟು! ನಿಜವಾದ ಕೆರೆಯಲ್ಲಿ ಒಂದಷ್ಟು ಕೆಸರಿಗೆ ಅಂಟಿಕೊಂಡು ಮೀನಿಗೆ ಸಿಗುವುದು ಕಡಿಮೆಯಾಗುತ್ತದೆ, ನಿಜ. ಆದರೂ ಸ್ಪ್ರೇಯರನ್ನು ಕೆರೆ ದಂಡೆಯಲ್ಲಿ ತೊಳೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತಕ್ಕೂ (ತಾಮ್ರದ ಸಲ್ಫೇಟ್) ಇದೇ ಎಚ್ಚರ ಬೇಕು. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ತಾಮ್ರದ ಕಾಟ ಕಡಿಮೆ, ಮೆದು ನೀರಿನಲ್ಲಿ ಜಾಸ್ತಿ. ನಮ್ಮ ಮಲೆನಾಡಿನ ಹಳ್ಳದ ನೀರು ಸಾಮಾನ್ಯವಾಗಿ ಮೆದು.

ಮೀನು ಸತ್ತಾಗಲೆಲ್ಲ ಔಷಧಿಯನ್ನೇ ಬೈಯುವುದೂ ಸರಿಯಲ್ಲ. ಪಲ್ಪಿಂಗ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಸಮಯದಲ್ಲಿ ಹಣ್ಣಿನ ಲೋಳೆ ಸೇರಿದ ನೀರು ಕೆರೆಗೆ ಬಂದರೆ ಅದು ಕೊಳೆಯುವಾಗಲೇ ಆಮ್ಲಜನಕ ತೀರಿಹೋಗುತ್ತದೆ. ಅದಕ್ಕೇ ಪರೀಕ್ಷೆಯ ತೊಟ್ಟಿಗಳಲ್ಲಿ ಆಮ್ಲಜನಕ, ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಪ್ರಮಾಣದ ಶೇ. 60ಕ್ಕಿಂತ ಇಳಿಯಕೂಡದು, ಬರೀ ನೀರಿನ ತೊಟ್ಟಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಮೀನು ಸಾಯಕೂಡದು ಎಂಬ ನಿಯಮ. ಮೀರಿದರೆ ಪರೀಕ್ಷೆಯೇ ರದ್ದು. ನಿಮ್ಮ ಕೆರೆಯಲ್ಲಿ ನಸುಕಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದು, ದೊಡ್ಡವೇ ಮೊದಲು ಸತ್ತಿದ್ದರೆ ಆಮ್ಲಜನಕದ ಕೊರತೆ ಇರಬಹುದು. ಹೊತ್ತುಗೊತ್ತಿಲ್ಲದೆ, ಸಣ್ಣದು ದೊಡ್ಡದೆನ್ನದೆ ಸುತ್ತು ಹಾಕಿ ಸತ್ತರೆ ವಿಷದ ಅನುಮಾನ. ಆಗ ತಡಮಾಡದೆ ನೀರು ಹಿಡಿದಿಟ್ಟುಕೊಳ್ಳಿ, ಅದೂ ಗಾಜಿನ ಬಾಟಲಿಯಲ್ಲಿ. ಪೈರೆಥ್ರಾಯ್ಡ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದರಿಂದ, ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದರೆ ಲ್ಯಾಬಿನಲ್ಲಿ ಇದ್ದದ್ದಕ್ಕಿಂತ ಕಡಿಮೆ ಸಿಕ್ಕೀತು.