ತಿರುಗಿ ಹೊಡಿ ಅಂತ ಹೇಳಿಕೊಡಲೇ?

ಪ್ರಶ್ನೆ: ಮಗ ಏಳನೇ ಕ್ಲಾಸು. ಸ್ಕೂಲ್ ವ್ಯಾನಿನಲ್ಲಿ ದೊಡ್ಡ ಹುಡುಗರು ದಿನಾ ಕಾಟ ಕೊಡುತ್ತಾರೆ. ಬ್ಯಾಗ್ ಕಿತ್ತು ಎಸೆಯುತ್ತಾರೆ, ಅಡ್ಡಹೆಸರಿಟ್ಟು ಕರೆಯುತ್ತಾರೆ. ‘ನೀನೂ ಎರಡು ಬಿಡು’ ಅಂತಾರೆ ಅವನಪ್ಪ. ಸರಿನಾ ಮೇಡಂ?

ಉತ್ತರ: ಸರಿಯಲ್ಲ. ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಬರೆದರೂ ‘ಎರಡು ಬಿಟ್ಟರೆ ಸರಿಹೋಗುತ್ತೆ’ ಅನ್ನೋ ನಂಬಿಕೆ ಮಾತ್ರ ಹೋಗುತ್ತಿಲ್ಲ.

ಸ್ವಲ್ಪ ಯೋಚಿಸಿ. ತಿರುಗಿ ಹೊಡೆಯಬಲ್ಲ ಹುಡುಗನಾಗಿದ್ದರೆ ಅವರು ಅವನ ತಂಟೆಗೇ ಬರುತ್ತಿರಲಿಲ್ಲ, ಅಲ್ವಾ? ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ 1970ರ ದಶಕದಿಂದ ಶಾಲೆಯ ಈ ಕಾಟವನ್ನೇ ಅಧ್ಯಯನ ಮಾಡಿದವರು. ಕಾಟಕ್ಕೂ ಜಗಳಕ್ಕೂ ಇರುವ ವ್ಯತ್ಯಾಸವನ್ನು ಅವರು ಸ್ಪಷ್ಟವಾಗಿ ಹೇಳಿದ್ದಾರೆ: ಕಾಟದಲ್ಲಿ ಬಲ ಸಮ ಇರುವುದಿಲ್ಲ, ಅದು ಮತ್ತೆ ಮತ್ತೆ ನಡೆಯುತ್ತದೆ. ನಾಲ್ಕು ಜನರ ಮಧ್ಯೆ ಒಬ್ಬ ಕೈ ಎತ್ತಿದರೆ ಪೆಟ್ಟು ಜಾಸ್ತಿ ಬೀಳುತ್ತದೆ, ಅಷ್ಟೇ. ಅಕಸ್ಮಾತ್ ಇವನ ಏಟು ಬಿತ್ತು ಅನ್ನಿ. ಹೆಡ್‌ಮಾಸ್ಟರ್ ಕಣ್ಣಿಗೆ ಬೀಳುವುದು ಅದೊಂದೇ, ಶಿಕ್ಷೆಯೂ ಇವನಿಗೇ. ಎಲ್ಲಕ್ಕಿಂತ ಕೆಟ್ಟದ್ದು, ಹೊಡೆಯಲು ಆಗದೆ ಮನೆಗೆ ಬಂದ ಮಗು ಅಪ್ಪನ ಮುಂದೆಯೂ ಸೋತಂತಾಗುತ್ತದೆ. ಮಾರನೇ ದಿನದಿಂದ ಮನೆಯಲ್ಲಿ ಹೇಳುವುದನ್ನೇ ಬಿಡುತ್ತದೆ.

‘ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ’ ಅನ್ನಿ. ಯಾವ ಟೀಚರಿಗೆ ಹೇಳೋಣ ಅಂತ ಅವನನ್ನೇ ಕೇಳಿ. ಯಾವ ದಿನ, ಎಲ್ಲಿ, ಯಾರು ನೋಡಿದರು ಅಂತ ಬರೆದಿಟ್ಟು, ಶಾಲೆಗೆ ದೂರನ್ನು ಕಾಗದದಲ್ಲೇ ಕೊಡಿ. ವ್ಯಾನ್ ಡ್ರೈವರಿಗೆ ಹೇಳಿ ಮುಂದಿನ ಸೀಟು ಕೊಡಿಸಿ. ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗು ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ವ್ಯಾನಿನಲ್ಲಿ ಸುಮ್ನೆ ನೋಡುತ್ತಾ ಕೂತ ಮಕ್ಕಳು ಯಾರ ಮನೆಯವರು? ಕೆನಡಾದಲ್ಲಿ ಶಾಲಾ ಮೈದಾನಗಳ ವಿಡಿಯೊ ಹಿಡಿದು ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಜೊತೆಯ ಮಕ್ಕಳು ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಆದರೆ ಅಡ್ಡ ಬಂದವರೇ ಕಡಿಮೆ. ಫಿನ್‌ಲ್ಯಾಂಡಿನ ಶಾಲೆಗಳಲ್ಲಿ ಕಾಟ ತಡೆಯುವ ‘ಕಿವಾ’ ಕಾರ್ಯಕ್ರಮ ತಿದ್ದಲು ಹೊರಟಿದ್ದೂ ಮುಖ್ಯವಾಗಿ ಈ ನೋಡುವ ಮಕ್ಕಳನ್ನೇ. ಅದಕ್ಕೇ, ತಮ್ಮ ಮಕ್ಕಳಿಗೆ ಯಾರೂ ಕಾಟ ಕೊಡುತ್ತಿಲ್ಲ ಅಂತ ನಿರಾಳವಾಗಿರುವವರೂ ಇವತ್ತು ಮನೆಯಲ್ಲಿ ಒಂದು ಮಾತು ಕೇಳಿ: ‘ನಿಮ್ಮ ವ್ಯಾನಿನಲ್ಲಿ ಯಾರ ಪಕ್ಕ ಯಾರೂ ಕೂರಲ್ಲ?’ ದೊಡ್ಡ ಹುಡುಗರನ್ನು ಎದುರಿಸು ಅನ್ನಬೇಡಿ, ಮಕ್ಕಳಿಗೂ ಭಯ ಇರುತ್ತದೆ. ನಾಳೆ ಅವನಿಗೊಂದು ಸೀಟು ಹಿಡಿದಿಡು ಅನ್ನಿ.