ಕ್ರಾಪಿನೊಳಗಿನ ನೀರು

ಕಳೆದ ಜುಲೈಯಲ್ಲಿ ಉಡುಪಿಯ ಅಕ್ಕನ ಮನೆಗೆ ಹೋಗಿದ್ದೆ. ಪಿಯುಸಿ ಓದುವ ಅವಳ ಮಗ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಬೆರಳ ತುಂಬ ಜೆಲ್ ತೆಗೆದು ಮುಂಗೂದಲನ್ನು ಹುಂಜದ ಜುಟ್ಟಿನಂತೆ ಎಬ್ಬಿಸಿದ. ಕೊಡೆ ಹಿಡಿದೇ ಇಬ್ಬರೂ ಹೊರಟೆವು. ಅವನ ತಲೆಗೆ ಒಂದು ಹನಿ ಮಳೆಯೂ ತಾಗಲಿಲ್ಲ. ಆದರೂ ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಜುಟ್ಟು ಹಣೆಯ ಮೇಲೆ ಮಲಗಿತ್ತು. ಸಂಜೆ ಬಂದವನೇ, "ಮಾಮ, ಇನ್ನೂ ಸ್ಟ್ರಾಂಗ್ ಜೆಲ್ ತರಬೇಕು" ಎಂದ. "ಅದನ್ನು ಮೆತ್ತಿ ಮೆತ್ತಿಯೇ ಇಪ್ಪತ್ತು ವರ್ಷಕ್ಕೆ ಬೋಳಾಗುತ್ತೀಯ" ಎಂದು ಅಮ್ಮ ಮೊಮ್ಮಗನನ್ನು ಗದರಿದರು. ಇಬ್ಬರ ಮಾತೂ ಸರಿಯಲ್ಲ.

ಅಮ್ಮನ ಭಯ ನಮ್ಮ ಮನೆ ಮನೆಯಲ್ಲೂ ಇದೆ. ನಮಗೆ ಕಾಣುವ ಕೂದಲಿನಲ್ಲಿ ಜೀವವಿಲ್ಲ. ಜೀವವಿರುವುದು ಚರ್ಮದೊಳಗೆ ಹುದುಗಿರುವ ಬುಡದಲ್ಲಿ, ಹೊರಗಿನ ಎಳೆಗೆ ಹಚ್ಚಿದ ಜೆಲ್ ಅಲ್ಲಿಗೆ ಇಳಿಯುವುದಿಲ್ಲ. ಗಂಡಸರ ಬೋಳುತನದ ಗುಟ್ಟನ್ನು ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ಬಿಡಿಸಿಟ್ಟರು. ಹರೆಯಕ್ಕೆ ಮುಂಚೆ ವೃಷಣ ಕಳೆದುಕೊಂಡವರ ತಲೆ ಬೋಳಾಗುತ್ತಿರಲಿಲ್ಲ. ಅವರಿಗೆ ಪುರುಷ ಹಾರ್ಮೋನು ಕೊಟ್ಟಾಗ, ವಂಶದಲ್ಲಿ ಬೋಳುತನ ಇದ್ದವರ ಕೂದಲು ಉದುರತೊಡಗಿತು. ಹಾರ್ಮೋನು ಮತ್ತು ವಂಶ ಸೇರಿ ಮಾಡುವ ಕೆಲಸವನ್ನು ಜೆಲ್ಲಿನ ತಲೆಗೆ ಕಟ್ಟುತ್ತೇವೆ. ನನಗೆ ಚಿಂತೆಯಾಗುವುದು ಇದೇ ಭಯವನ್ನು ಬಂಡವಾಳ ಮಾಡಿಕೊಂಡು "ಬೋಳುತಲೆಯಲ್ಲಿ ಕೂದಲು ಮೊಳೆಯಿಸುವ" ಎಣ್ಣೆ ಮಾರುವವರನ್ನು ಕಂಡಾಗ. ಹುಡುಗರು ಜೆಲ್ಲಿಗೆ ಹೆದರಿ ಅವರ ಬಾಟಲಿಗೆ ದುಡ್ಡು ಸುರಿಯುತ್ತಾರೆ.

ಇನ್ನು ಜುಟ್ಟಿನ ಸಂಗತಿ. ತೆಂಗಿನ ನಾರಿನ ಹಗ್ಗವನ್ನು ನೆನಪಿಸಿಕೊಳ್ಳಿ: ನಾರು ಸೇರಿ ಎಳೆ, ಎಳೆ ಸೇರಿ ಹುರಿ. ಕೂದಲೂ ಹಾಗೆಯೇ ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಅದರ ಎಳೆಗಳನ್ನು ಮುಖ್ಯವಾಗಿ ಎರಡು ಬಗೆಯ ಬಂಧಗಳು ಹಿಡಿದಿಟ್ಟಿವೆ. ಗಂಧಕದ ಬಂಧ ಗಟ್ಟಿ, ಅದನ್ನು ಬಿಡಿಸಲು ಕಟುವಾದ ರಾಸಾಯನಿಕವೇ ಬೇಕು. ಹೈಡ್ರೋಜನ್ ಬಂಧ ಒಂದೊಂದಾಗಿ ಬಡಪಾಯಿ, ಆದರೆ ಲೆಕ್ಕವಿಲ್ಲದಷ್ಟಿವೆ. ನೀರಿನ ಅಣು ನುಸುಳಿದರೆ ಸಾಕು, ಎಳೆಗಳು ಪಕ್ಕದ ಎಳೆಯ ಕೈ ಬಿಟ್ಟು ನೀರಿನ ಕೈ ಹಿಡಿಯುತ್ತವೆ. ನೀರು ಆರಿದಾಗ, ಆ ಕ್ಷಣ ಯಾರು ಹತ್ತಿರ ಇದ್ದಾರೋ ಅವರ ಕೈಯನ್ನೇ ಮತ್ತೆ ಹಿಡಿಯುತ್ತವೆ. ಕ್ರಾಪು ಕೂರುವುದೆಂದರೆ ಇಷ್ಟೇ.

ಇಸ್ತ್ರಿ ಅಂಗಡಿಯಲ್ಲಿ ಹತ್ತಿ ಅಂಗಿಯ ಮೇಲೆ ನೀರು ಚಿಮುಕಿಸುವುದನ್ನು ನೋಡಿದ್ದೀರಲ್ಲ? ಹತ್ತಿಯ ನಾರಿನಲ್ಲೂ ಇರುವುದು ಇದೇ ಹೈಡ್ರೋಜನ್ ಬಂಧ. ನೀರು ಹಳೆಯ ಸುಕ್ಕನ್ನು ಮರೆಸುತ್ತದೆ, ಬಿಸಿ ಪೆಟ್ಟಿಗೆ ನೀರನ್ನು ಓಡಿಸಿ ಹೊಸ ಮಡಿಕೆಯನ್ನು ಕಲಿಸುತ್ತದೆ. ಹಪ್ಪಳವೂ ಹಸಿಯಾಗಿದ್ದಾಗ ಬಾಗಿದಂತೆ ಬಾಗಿ, ಒಣಗಿದ ಮೇಲೆ ಅದೇ ಆಕಾರಕ್ಕೆ ಸೆಟೆದು ನಿಲ್ಲುತ್ತದೆ. ಅನುಮಾನವಿದ್ದರೆ ಉದ್ದನೆಯ ಕೂದಲೊಂದನ್ನು ಒದ್ದೆ ಮಾಡಿ ಪೆನ್ಸಿಲಿಗೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿದರೆ ಸ್ಪ್ರಿಂಗಿನಂತೆ ಸುರುಳಿ ಇರುತ್ತದೆ. ಅದನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿಯಿರಿ, ಕಣ್ಣೆದುರೇ ಸುರುಳಿ ಸಡಿಲವಾಗುತ್ತದೆ.

ಗಾಳಿಯ ತೇವಕ್ಕೆ ಕೂದಲು ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆಂದರೆ, ಜಿನೀವಾದ ವಿಜ್ಞಾನಿ ಸೊಸ್ಯೂರ್ ಅದರಿಂದಲೇ ತೇವವನ್ನು ಅಳೆಯುವ ಉಪಕರಣ ಮಾಡಿ, 1783ರಲ್ಲಿ ಅದನ್ನು ವಿವರಿಸುವ ಪುಸ್ತಕ ಪ್ರಕಟಿಸಿದ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ತಂದರೆ ಕೂದಲು ಸುಮಾರು ಶೇ. 2ರಷ್ಟು ಉದ್ದವಾಗುತ್ತದೆ. ಆ ಹಿಗ್ಗು ಒಂದು ಮುಳ್ಳನ್ನು ತಿರುಗಿಸಿ ಆರ್ದ್ರತೆಯನ್ನು ತೋರಿಸುತ್ತದೆ. ಕೂದಲಿನ ಈ ಉಪಕರಣ ಮುಂದೆ ಎಷ್ಟೋ ಕಾಲ ಹವಾಮಾನ ಕಚೇರಿಗಳಲ್ಲಿ ಕೆಲಸ ಮಾಡಿತು. ನನಗೆ ಬಹಳ ಇಷ್ಟವಾಗುವುದು ಅವನ ಪೂರ್ವಸಿದ್ಧತೆ: ಕೂದಲನ್ನು ಮೊದಲು ಬಟ್ಟೆ ಒಗೆಯುವ ಸೋಡ ಕದಡಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಜಿಡ್ಡಿದ್ದರೆ ತೇವ ಒಳಗೆ ಹೋಗುವುದು ತಡವಾಗುತ್ತಿತ್ತು. ಅವನಿಗೆ ಅಡ್ಡಿಯಾದದ್ದೇ ನಮ್ಮ ಹುಡುಗನಿಗೆ ಬೇಕಾಗಿದ್ದದ್ದು.

ಜೆಲ್ ಎಂದರೆ ಪಂಚೆಗೆ ಹಾಕುವ ಗಂಜಿ. ಅದರಲ್ಲಿ ಬಹುಪಾಲು ನೀರು, ಜೊತೆಗೆ ಸ್ವಲ್ಪ ಪಾಲಿಮರ್, ಅಂದರೆ ಸರಪಳಿಯಂಥ ಉದ್ದನೆಯ ಅಣುಗಳ ವಸ್ತು. ಇವುಗಳಲ್ಲಿ ಹೆಸರುವಾಸಿಯಾದದ್ದು ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್). ಜರ್ಮನಿಯ ವಾಲ್ಟರ್ ರೆಪ್ಪೆ 1930ರ ದಶಕದಲ್ಲಿ ಕಂಡುಹಿಡಿದ ಇದನ್ನು ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಬದಲಿಗೆ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಅದು ತಲೆಗೇರಿತು. ಎರಡು ಕೂದಲು ಅಡ್ಡ ಹಾಯುವಲ್ಲಿ ಪಿವಿಪಿ ಒಣಗಿ ಸಣ್ಣ ಬೆಸುಗೆಯಾಗುತ್ತದೆ. ಆದರೆ ಅದು ನೀರಿನಲ್ಲಿ ಕರಗುವ ವಸ್ತು, ಕರಾವಳಿಯ ಮಳೆಗಾಲದ ಗಾಳಿಯಿಂದಲೇ ತೇವ ಹೀರುತ್ತದೆ. ಒಳಗೆ ಕೂದಲಿನ ಬಂಧ ಸಡಿಲ, ಹೊರಗೆ ಬೆಸುಗೆಯೂ ಸಡಿಲ. ಡಬ್ಬಿಯ ಮೇಲಿನ "ಸ್ಟ್ರಾಂಗ್" ಎಂಬ ಮಾತು ಒಣಗಿದ ಪೊರೆಯ ಬಿಗಿಯನ್ನು ಹೇಳುತ್ತದೆ, ತೇವ ತಡೆಯುವ ಶಕ್ತಿಯನ್ನಲ್ಲ. ಡಬ್ಬಿಯ ಹಿಂದೆ "ವಿಪಿ/ವಿಎ ಕೋಪಾಲಿಮರ್" ಎಂದಿದ್ದರೆ ಅದು ಬರೀ ಪಿವಿಪಿಗಿಂತ ತೇವವನ್ನು ಚೆನ್ನಾಗಿ ತಾಳುತ್ತದೆ.

ಹಾಗಾಗಿ ಉಡುಪಿಯ ಹುಡುಗನಿಗೆ ನಾನು ಹೇಳಿದ್ದು ವ್ಯಾಕ್ಸ್, ಅಂದರೆ ಮೇಣ, ಅಥವಾ ಪೊಮೇಡ್ ಎಂಬ ಎಣ್ಣೆಯಂಶದ ಕೂದಲಿನ ಮುಲಾಮು. ಇದು ಹಳೆಯ ಜಾಣ್ಮೆ. ಐರ್ಲೆಂಡಿನ ಕ್ಲೊನಿಕ್ಯಾವನ್‌ನಲ್ಲಿ 2003ರಲ್ಲಿ ಸಿಕ್ಕಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಗಂಡಸಿನ ದೇಹದ ಕೂದಲಿನಲ್ಲಿ ಸಸ್ಯದ ಎಣ್ಣೆ ಮತ್ತು ಪೈನ್ ಮರದ ಅಂಟಿನ ಲೇಪವಿತ್ತು. ಮೇಣ ಒಣಗುವುದಿಲ್ಲ, ನೀರಿಗೆ ಕರಗುವುದೂ ಇಲ್ಲ. ಅದರ ಶತ್ರು ಬಿಸಿಲು. ಕಲಬುರಗಿಯ ಮೇ ತಿಂಗಳಿನಲ್ಲಿ ಇದೇ ಪೊಮೇಡ್ ಮೆತ್ತಗಾಗಿ ಹಣೆಗಿಳಿಯುತ್ತದೆ. ಅಲ್ಲಿನ ಒಣ ಹವೆಗೆ ಜೆಲ್ಲೇ ಸರಿ. ತೆಳು ಕೂದಲಿಗಂತೂ ಮೇಣ ಎಲ್ಲಿ ಹಾಕಿದರೂ ಭಾರ, ನೆತ್ತಿ ಕಾಣಿಸುವಂತೆ ಎಳೆಗಳು ಅಂಟಿಕೊಳ್ಳುತ್ತವೆ. ಹಣೆಯ ಅಂಚಿನಲ್ಲಿ ಮೊಡವೆ ಏಳುತ್ತಿದ್ದರೆ ಪೊಮೇಡನ್ನು ಬಿಟ್ಟು ನೋಡಿ, ಅದರಿಂದ ಮೊಡವೆ ಬರುತ್ತದೆಂಬ ದೂರು ನಿಜವಾದದ್ದು.

ಮೇಣ ಶಾಂಪೂವಿಗೆ ಸುಲಭವಾಗಿ ಬಗ್ಗುವುದಿಲ್ಲ. ಹಲಸಿನ ಹಣ್ಣು ಬಿಡಿಸಿದ ಕೈಯ ಮೇಣವನ್ನು ಏನು ಹಾಕಿ ತೆಗೆಯುತ್ತೇವೆ? ಕೊಬ್ಬರಿ ಎಣ್ಣೆ. ತಲೆಗೂ ಅದೇ ದಾರಿ: ಒಣ ಕೂದಲಿಗೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಶಾಂಪೂ. ಜೆಲ್ಲಿನದು ಬೇರೆ ತೊಂದರೆ. ಬಾಚಿದಾಗ ಪೊರೆ ಒಡೆದು ಭುಜದ ಮೇಲೆ ಬಿಳಿ ಪುಡಿ ಉದುರುತ್ತದೆ, ತಲೆಹೊಟ್ಟು ಎಂದು ಗಾಬರಿಯಾಗುವವರೇ ಹೆಚ್ಚು. ಒದ್ದೆ ಬೆರಳಿನಲ್ಲಿ ಒತ್ತಿ ನೋಡಿ. ಜೆಲ್ಲಿನ ಚೂರಾದರೆ ಅಂಟಂಟಾಗಿ ಕರಗುತ್ತದೆ, ಹೊಟ್ಟಾದರೆ ಕರಗುವುದಿಲ್ಲ.

ಬೆಂಗಳೂರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕಚೇರಿಗೆ ಹೋಗುವವರ ಚಪ್ಪಟೆ ಕ್ರಾಪಿಗೂ ನೀರೇ ಕಾರಣ. ಬೆವರು ಬಂಧಗಳನ್ನು ಬಿಡಿಸುತ್ತದೆ, ಹೆಲ್ಮೆಟ್ ಒತ್ತಿ ಹಿಡಿಯುತ್ತದೆ, ಆ ಒತ್ತಿದ ಆಕಾರದಲ್ಲೇ ಕೂದಲು ಆರುತ್ತದೆ. ಮತ್ತೊಮ್ಮೆ ಜೆಲ್ ಬೇಡ. ಕಚೇರಿಯ ನಲ್ಲಿಯಲ್ಲಿ ಬೆರಳು ಒದ್ದೆ ಮಾಡಿ ಕೂದಲ ಬುಡದಿಂದ ಮೇಲಕ್ಕೆ ಸವರಿ. ಬೆಳಿಗ್ಗೆ ಹಚ್ಚಿದ ಪಿವಿಪಿ ಇನ್ನೂ ಅಲ್ಲೇ ಇದೆ, ನೀರು ತಾಗಿದೊಡನೆ ಮೆತ್ತಗಾಗುತ್ತದೆ. ಬೇಕಾದಂತೆ ನಿಲ್ಲಿಸಿ, ಐದು ನಿಮಿಷ ಕೈ ಹಾಕದೆ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ.